ನೆನೆದೂ ಬೆಚ್ಚಗಿರುವ ಬಗೆ

ಅಂಗಳದ ಹಗ್ಗದ ಮೇಲೆ ಒಣಗುತ್ತಿದ್ದ, ಕಡಲಲ್ಲಿ ಮುಳುಗುವಾಗ ತೊಡುವ ನನ್ನ ವೆಟ್‌ಸೂಟ್ ನೋಡಿ ಪಕ್ಕದ ಮನೆಯ ಹಿರಿಯರು ಕೇಳಿದರು: "ಹ್ವಾಯ್, ಹೊಳಿ ನೀರಗೆ ಬೆಳ್ದರಿಗೆ ಇದೆಂತ ರಬ್ಬರ್ ಅಂಗಿ ಮಾರ್ರೆ?"

ಪ್ರಶ್ನೆ ತಪ್ಪಲ್ಲ. ಕುಂದಾಪುರದಿಂದ ಬೈಂದೂರು, ಭಟ್ಕಳ ದಾಟಿ ಮುರುಡೇಶ್ವರಕ್ಕೆ ಹೋಗಿ, ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಂಡೆಗಳ ಬಳಿ ಧುಮುಕಿದರೆ ಸಿಗುವ ನೀರು ಸುಮಾರು 28 ಡಿಗ್ರಿ. ಅಷ್ಟೇ ಬಿಸಿಯ ಗಾಳಿಯಲ್ಲಿ ನಾವು ಬೆವರು ಒರೆಸಿಕೊಳ್ಳುತ್ತೇವೆ. ಆದರೆ ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈಯ ಕಾವನ್ನು ಎಳೆದುಕೊಳ್ಳುತ್ತದೆ. ಮೊದಲ ಮುಳುಗಿನಲ್ಲಿ ಮೀನು ನೋಡುವ ಖುಷಿಗೆ ಚಳಿ ಗೊತ್ತಾಗುವುದಿಲ್ಲ. ಎರಡನೆಯದರಲ್ಲಿ ಹಲ್ಲು ಕಟಕಟ ಅನ್ನುತ್ತದೆ.

ಹೊಸಬರು ವೆಟ್‌ಸೂಟನ್ನು ಗೊರಬು ಎಂದುಕೊಳ್ಳುತ್ತಾರೆ. ನಾಟಿ ಗದ್ದೆಯಲ್ಲಿ ಬಗ್ಗಿದವರ ಬೆನ್ನಿಗೆ ಮಳೆಯ ಒಂದು ಹನಿ ತಾಗದಂತೆ ಕಾಯುವುದು ಗೊರಬು. ವೆಟ್‌ಸೂಟ್ ಹಾಗಲ್ಲ, ಅದು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಮೈಗೂ ಬಟ್ಟೆಗೂ ನಡುವೆ ಸಿಕ್ಕಿಬಿದ್ದ ಆ ತೆಳು ನೀರನ್ನು ನಮ್ಮ ಮೈಯೇ ಬಿಸಿ ಮಾಡುತ್ತದೆ. ಹೊರಗಿನ ತಂಪನ್ನು ತಡೆಯುವುದು ನಿಯೋಪ್ರೀನ್ ರಬ್ಬರಿನೊಳಗಿನ ಸಾವಿರಾರು ಗಾಳಿಗುಳ್ಳೆಗಳು. 1950ರ ದಶಕದ ಆರಂಭದಲ್ಲಿ ಈ ಉಪಾಯ ಕಂಡುಕೊಂಡವರು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್. ಮೈ ಒಣಗಿರಬೇಕಿಲ್ಲ, ಬಟ್ಟೆಯೊಳಗೆ ಗಾಳಿಗುಳ್ಳೆಗಳ ತಡೆ ಇದ್ದರೆ ಸಾಕು ಎಂಬುದೇ ಅವರಿಗೆ ಹೊಳೆದ ಗುಟ್ಟು.

ಆದರೆ ಒಳಗೆ ಸಿಕ್ಕಿದ ನೀರು ಕದಲಬಾರದು. ಹಾಗಾಗಿ ದಪ್ಪಕ್ಕಿಂತ ಅಳತೆ ಮುಖ್ಯ. ನಮ್ಮ ಕಡಲಿಗೆ 3 ಮಿಲಿಮೀಟರ್ ಸಾಕು, ಚಳಿ ತಡೆಯದವರಿಗೆ 5. ಸಡಿಲವಾದ 5ಕ್ಕಿಂತ ಮೈಗಂಟಿದ 3 ಮೇಲು. ಬಾಡಿಗೆಯದನ್ನು ತೊಟ್ಟಾಗ ಸೊಂಟದ ಹಿಂದಿನ ತಗ್ಗನ್ನು ಮುಟ್ಟಿ ನೋಡಿ. ಅಲ್ಲಿ ಬಟ್ಟೆ ಡೇರೆಯಂತೆ ಎದ್ದು ನಿಂತಿದ್ದರೆ ಬೇರೆಯದು ಕೇಳಿ. ಕಾಲು ಬಡಿದಾಗೆಲ್ಲ ಆ ಪೊಳ್ಳು ಪಂಪಿನಂತೆ ಬಿಸಿನೀರನ್ನು ಕುತ್ತಿಗೆಯಿಂದ ಹೊರದಬ್ಬಿ ತಣ್ಣೀರು ಎಳೆದುಕೊಳ್ಳುತ್ತದೆ. ಬಿಗಿ ಸೂಟಿಗೆ ಕಾಲು ತೂರಿಸುವುದೇ ಕಷ್ಟ ಎನ್ನುವವರು ಪಾದಕ್ಕೊಂದು ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ, ಸುಯ್ಯನೆ ಜಾರುತ್ತದೆ.

ಆಳಕ್ಕೆ ಇಳಿದಂತೆ ಲೆಕ್ಕ ಬದಲಾಗುತ್ತದೆ. 10 ಮೀಟರಿನಲ್ಲಿ ಒತ್ತಡ ಇಮ್ಮಡಿ, ಗಾಳಿಗುಳ್ಳೆಗಳು ಕುಗ್ಗುತ್ತವೆ, ಸೂಟು ತೆಳ್ಳಗಾಗುತ್ತದೆ. ಚಳಿ ಹೆಚ್ಚುವ ಕಡೆಯೇ ಕಾವಲು ಸಡಿಲ! ವರ್ಷಗಟ್ಟಲೆ ಬಳಸಿ ಗುಳ್ಳೆ ಒಡೆದ ಹಳೆಯ ಸೂಟಿನ ಪಾಡೂ ಇದೇ.

ಆದರೆ ನನ್ನನ್ನು ನಿಜವಾಗಿ ನಡುಗಿಸಿದ್ದು ನೀರಲ್ಲ, ದೋಣಿ. ಎರಡು ಮುಳುಗಿನ ನಡುವೆ ಒದ್ದೆ ಸೂಟಿನಲ್ಲೇ ಕಡಲ ಗಾಳಿಗೆ ಎದೆಕೊಟ್ಟು ಕುಳಿತಿದ್ದೆ. ಒದ್ದೆ ಆರುತ್ತಾ ಮೈಯ ಬಿಸಿಯನ್ನೂ ಹೊತ್ತೊಯ್ದಿತು. ಬೈರಾಸು ಹೊದ್ದರೆ ಅದೂ ಒದ್ದೆ. ಅಂದಿನಿಂದ ಚೀಲದಲ್ಲಿ ಮಳೆಗಾಲದ ಸ್ಕೂಟರ್ ರೇನ್‌ಕೋಟ್ ಇರುತ್ತದೆ. ಮೇಲೆ ಬಂದ ಕೂಡಲೇ ಸೂಟಿನ ಮೇಲೇ ತೊಟ್ಟು ಗುಂಡಿ ಹಾಕಿಬಿಡುತ್ತೇನೆ. ಫ್ಲಾಸ್ಕಿನಲ್ಲಿ ಬಿಸಿ ಕಷಾಯವೂ ಇದ್ದರೆ ಎರಡನೆಯ ಮುಳುಗಿಗೆ ಮನಸ್ಸು ಹಿಂಜರಿಯುವುದಿಲ್ಲ.

ಹಿರಿಯರಿಗೆ ಇಷ್ಟೆಲ್ಲ ವಿವರಿಸಿದೆ. "ಹಂಗಾರೆ ಕಡಿಗೆ ಗೊರಬೇ ಬೇಕಾಯ್ತಲೆ!" ಎಂದು ನಕ್ಕರು.