ಲೇಖಕರ ಅಭಿಪ್ರಾಯವೇನು?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಒಂದು ಸಣ್ಣ ಗುಂಪಿಗೆ ಕೆಲವು ಭಾನುವಾರ ನಾನು ಗದ್ಯಭಾಗ ಓದಿಸುತ್ತಿದ್ದೆ. ಭಾಗವನ್ನು ಓದಿ, ಕೆಳಗಿನ ನಾಲ್ಕು ಆಯ್ಕೆಗಳಲ್ಲಿ ಸರಿಯಾದದ್ದನ್ನು ಗುರುತಿಸುವ ಅಭ್ಯಾಸ ಅದು. ಕೇಂದ್ರ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಗೆ 2011ರಲ್ಲಿ ಸೇರಿದ ಎರಡನೇ ಪತ್ರಿಕೆಯಲ್ಲಿ ಇಂಥ ಪ್ರಶ್ನೆಗಳು ಬರುತ್ತವೆ. ಅಲ್ಲಿ ಶೇ 33 ಅಂಕ ಬಾರದಿದ್ದರೆ ಮೊದಲ ಪತ್ರಿಕೆಯನ್ನು ಎಷ್ಟೇ ಚೆನ್ನಾಗಿ ಬರೆದಿದ್ದರೂ ಮುಂದಿನ ದಾರಿ ಮುಚ್ಚಿತು. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ಹಾಗಾಗಿ ಓದುವುದು ಅಲ್ಲಿ ಹವ್ಯಾಸವಲ್ಲ, ಅನ್ನದ ಪ್ರಶ್ನೆ.

ಒಂದು ಭಾನುವಾರ ನಾನೇ ಬರೆದುಕೊಂಡು ಹೋಗಿದ್ದ ಭಾಗ ಹೀಗಿತ್ತು: ‘ನಿರುದ್ಯೋಗಿಗಳಿಗೆ ಭತ್ಯೆ ಕೊಟ್ಟರೆ ಅವರು ಕೆಲಸ ಹುಡುಕುವುದನ್ನು ಮುಂದೂಡುತ್ತಾರೆ ಎಂದು ಕೆಲವು ಅರ್ಥಶಾಸ್ತ್ರಜ್ಞರು ವಾದಿಸುತ್ತಾರೆ. ಆದರೆ ಕೆಲಸಗಳೇ ಕಡಿಮೆ ಇರುವಾಗ, ಹುಡುಕುವವರು ಅವಸರ ಮಾಡಿದ ಮಾತ್ರಕ್ಕೆ ಕೆಲಸಗಳ ಸಂಖ್ಯೆ ಹೆಚ್ಚುವುದಿಲ್ಲ. ಅಂಥ ಕಾಲದಲ್ಲಿ ಭತ್ಯೆ ಮನೆಯ ಖರ್ಚನ್ನಾದರೂ ನಿಭಾಯಿಸುತ್ತದೆ.’ ಲೇಖಕರ ಅಭಿಪ್ರಾಯವೇನು? ಅ) ಭತ್ಯೆ ಸೋಮಾರಿತನ ಬೆಳೆಸುತ್ತದೆ. ಆ) ಭತ್ಯೆ ಎಲ್ಲ ಕಾಲಕ್ಕೂ ಒಳ್ಳೆಯದು. ಇ) ಭತ್ಯೆಯ ಫಲವನ್ನು ಕೆಲಸಗಳ ಲಭ್ಯತೆಯೊಂದಿಗೆ ಸೇರಿಸಿ ನೋಡಬೇಕು. ಈ) ಸರ್ಕಾರ ಭತ್ಯೆಯ ಬದಲು ಕೆಲಸದ ಖಾತರಿ ಕೊಡಬೇಕು.

ಸರಿಯುತ್ತರ ‘ಇ’. ಆದರೆ ನನಗೆ ಕುತೂಹಲ ಹುಟ್ಟಿಸಿದ್ದು ಉಳಿದ ಮೂರು. ತಪ್ಪು ಆಯ್ಕೆಗಳನ್ನು ಬರೆಯಲು ಕುಳಿತವನು ಮೂರು ಬಗೆಯ ಓದುಗರನ್ನು ಕಲ್ಪಿಸಿಕೊಳ್ಳಬೇಕಾಗುತ್ತದೆ. ‘ಅ’ ಗುರುತು ಮಾಡುವವನು ಮೊದಲ ವಾಕ್ಯಕ್ಕೇ ನಿಂತುಬಿಟ್ಟವನು. ಇದರಲ್ಲಿ ನಮ್ಮ ಭಾಷೆಯ ಪಾಲೂ ಇದೆ. ಕನ್ನಡದಲ್ಲಿ ಸಾಮಾನ್ಯವಾಗಿ ಮಾತು ಮೊದಲು ಬರುತ್ತದೆ, ಆ ಮಾತು ಯಾರದು ಎಂಬುದು ಆಮೇಲೆ. ‘ಎಂದು’ ಕಣ್ಣಿಗೆ ಬೀಳುವ ಹೊತ್ತಿಗೆ ವಾದ ಆಗಲೇ ಮನಸ್ಸಿನೊಳಗೆ ಕುಳಿತಿರುತ್ತದೆ. ‘ಎಂದು’, ‘ಎಂಬ’, ‘ಅಂತೆ’ಗಳನ್ನು ಗಮನಿಸುವುದೇ ಕನ್ನಡ ಗದ್ಯ ಓದುವವನ ಮೊದಲ ಪಾಠ. ‘ಆ’ ಆರಿಸುವವನಿಗೆ ನಿರುದ್ಯೋಗಿಗಳ ಬಗ್ಗೆ ಮರುಕವಿದೆ. ‘ಅಂಥ ಕಾಲದಲ್ಲಿ’ ಎಂಬ ಎರಡು ಪದಗಳನ್ನು ಆ ಮರುಕ ನುಂಗಿಹಾಕುತ್ತದೆ. ‘ಈ’ ಆರಿಸುವವನಿಗೆ ವಿಷಯ ಗೊತ್ತಿದೆ, ಗೊತ್ತಿರುವುದನ್ನೇ ಅವನು ಭಾಗದೊಳಗೆ ಓದಿಕೊಳ್ಳುತ್ತಾನೆ. ಕಥೆ, ಕವಿತೆ ಓದುವಾಗಲೂ ನಾವು ಎಡವುವುದು ಇದೇ ಮೂರು ಕಡೆ. ಪಾತ್ರದ ಮಾತನ್ನು ಲೇಖಕರ ಮಾತೆಂದು ಜಗಳಕ್ಕೆ ನಿಲ್ಲುವ ವಿಮರ್ಶೆಯನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಈ ಪರೀಕ್ಷೆಗಳನ್ನು ಬರೀ ಯಾಂತ್ರಿಕ ಕಸರತ್ತು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಆ ದಿನ ‘ಈ’ ಗುರುತು ಮಾಡಿದ್ದವನು ಒಬ್ಬನೇ. ಯಾಕಪ್ಪಾ ಎಂದು ಕೇಳಿದೆ. ‘ನಮ್ಮವ್ವ ಖಾತ್ರಿ ಕೆಲಸಕ್ಕ ಹೋಗ್ತಾಳ್ರೀ ಸರ್. ಅದ ಇಲ್ಲದಿದ್ರ ನಮ್ಮನಿ ನಡೀತಿದ್ದಿಲ್ಲ’ ಎಂದ. ಭಾಗದಲ್ಲಿ ಇರುವುದನ್ನಷ್ಟೇ ನೋಡಬೇಕು ಎಂದು ನಿಯಮ ಹೇಳಿ ಮುಂದಿನ ಪ್ರಶ್ನೆಗೆ ಹೋದೆ. ಅವನು ತಲೆಯಾಡಿಸಿದ, ಉತ್ತರ ತಿದ್ದಿಕೊಂಡ.

ಮನೆಗೆ ಬಂದ ಮೇಲೆ ಆ ತಿದ್ದುಪಡಿ ನನ್ನನ್ನು ಕಾಡತೊಡಗಿತು. 2005ರ ಉದ್ಯೋಗ ಖಾತರಿ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆ ಕೊಟ್ಟಿತು. ಅರ್ಜಿ ಹಾಕಿದ 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದೂ ಹೇಳಿತು. ಅಂದರೆ ಭತ್ಯೆ ಮತ್ತು ಖಾತರಿ ಒಂದೇ ಕಾಯ್ದೆಯೊಳಗೆ ಒಂದಕ್ಕೊಂದು ಆಸರೆಯಾಗಿದ್ದವು. ಅವೆರಡನ್ನೂ ಎದುರಾಳಿಗಳನ್ನಾಗಿ ನಿಲ್ಲಿಸಿ ‘ಬದಲು’ ಎಂಬ ಪದ ಹಾಕಿದ್ದವನು ನಾನು. ಪರೀಕ್ಷೆಯ ಲೆಕ್ಕದಲ್ಲಿ ಹುಡುಗನ ಉತ್ತರ ತಪ್ಪು, ನಿಜ. ಆದರೆ ಭಾಗ ಬಿಟ್ಟದ್ದೇನು ಎಂಬುದು ಅವನಿಗೆ ಗೊತ್ತಿತ್ತು, ಬರೆದ ನನಗೆ ಹೊಳೆದಿರಲಿಲ್ಲ.

‘ನಿರುದ್ಯೋಗಿ’ ಎಂಬ ಪದವನ್ನೂ ನಾನು ವಿವರಣೆಯಿಲ್ಲದೆ ಬಳಸಿದ್ದೆ. ನಮ್ಮ ದೇಶದ ಕಾರ್ಮಿಕ ಬಲ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಆ ವ್ಯಕ್ತಿ ಉದ್ಯೋಗಸ್ಥ. ಮನೆಯವರ ಅಂಗಡಿಯಲ್ಲಿ ಸಂಬಳವಿಲ್ಲದೆ ಗಲ್ಲಾಪೆಟ್ಟಿಗೆಯ ಮುಂದೆ ಕೂತರೂ ಅದು ದುಡಿಮೆಯೇ. ನನ್ನ ಮುಂದೆ ಕುಳಿತವರಲ್ಲಿ ಎಷ್ಟು ಮಂದಿ ಈ ಲೆಕ್ಕದ ಯಾವ ಕಡೆಗೆ ಬೀಳುತ್ತಿದ್ದರೋ! ರಾಜ್ಯದ ಯುವನಿಧಿ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಎಂದಾಗ ಅವರಿಗೆ ಅದು ಚರ್ಚೆಯ ವಿಷಯವಲ್ಲ, ಕೋಣೆಯ ಬಾಡಿಗೆ. ಗದ್ಯಭಾಗದಲ್ಲಿ ‘ಅವರು’ ಎಂದು ಕರೆಸಿಕೊಂಡವರೇ ಕುಳಿತು ಆ ಭಾಗವನ್ನು ಓದುತ್ತಿದ್ದರು.

ಇನ್ನು ಆ ‘ಕೆಲವು ಅರ್ಥಶಾಸ್ತ್ರಜ್ಞರು’ ಯಾರು? ಪರೀಕ್ಷೆಯಲ್ಲಿ ಅವರಿಗೆ ಹೆಸರಿರುವುದಿಲ್ಲ. ನಿಜವಾದ ವಾದದಲ್ಲಿ ಇರುತ್ತದೆ. ಪಿಗೂ 1933ರಲ್ಲಿ ನಿರುದ್ಯೋಗದ ಸಿದ್ಧಾಂತದ ಬಗ್ಗೆ ಪುಸ್ತಕ ಬರೆದರು. 1936ರಲ್ಲಿ ಕೇನ್ಸ್ ತಮ್ಮ ಪ್ರಸಿದ್ಧ ಗ್ರಂಥದ 19ನೇ ಅಧ್ಯಾಯಕ್ಕೆ ಒಂದು ಅನುಬಂಧವನ್ನೇ ಸೇರಿಸಿ ಆ ಪುಸ್ತಕವನ್ನು ವಿಮರ್ಶೆಗೆ ಒಡ್ಡಿದರು. ಪಿಗೂ ಏನು ಹೇಳುತ್ತಿದ್ದಾರೆ ಎಂಬುದನ್ನು ಅವರದೇ ಮಾತಿನಲ್ಲಿ ಹಿಡಿಯುವುದು ಮೊದಲು; ಯಾವುದನ್ನು ಹೇಳದೆಯೇ ಒಪ್ಪಿಕೊಂಡಿದ್ದಾರೆ ಎಂದು ಕೇಳುವುದು ಆಮೇಲೆ. ಮೊದಲನೆಯದನ್ನು ಪರೀಕ್ಷೆ ಕಲಿಸುತ್ತದೆ. ಎರಡನೆಯದಕ್ಕೆ ನಾಲ್ಕು ಆಯ್ಕೆಗಳಲ್ಲಿ ಜಾಗವಿಲ್ಲ.

ಮುಂದಿನ ಭಾನುವಾರ ಅದೇ ಭಾಗವನ್ನು ಮತ್ತೆ ಕೊಟ್ಟೆ. ಉತ್ತರ ಗುರುತಿಸಿದ ಮೇಲೆ, ಇದನ್ನು ಬರೆದವನಿಗೆ ನೀವು ಕೇಳುವ ಒಂದು ಪ್ರಶ್ನೆಯನ್ನು ಹಾಳೆಯ ಹಿಂದೆ ಬರೆಯಿರಿ ಎಂದೆ. ಖಾತ್ರಿ ಕೆಲಸದ ಹುಡುಗ ಈ ಸಲ ‘ಇ’ ಗುರುತು ಮಾಡಿದ್ದ. ಹಾಳೆ ತಿರುಗಿಸಿದೆ. ‘ಇದನ್ನ ಬರೆದವರು ಎಷ್ಟು ದಿನ ಕೆಲಸ ಇಲ್ಲದ ಕುಂತಿದ್ರು?’