ಫುಲೇರಾದ ಪ್ರಧಾನರು ಯಾರು?

ಪುಣೆಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಮರಾಠಿ, ತೆಲುಗು, ಕನ್ನಡ ಎನ್ನದೆ ಎಲ್ಲರೂ ನೋಡಿರುವ ಧಾರಾವಾಹಿ ಒಂದಿದ್ದರೆ ಅದು ಹಿಂದಿಯ ‘ಪಂಚಾಯತ್’. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಆಗಷ್ಟೇ ಶುರುವಾಗಿದ್ದಾಗ ಅದರ ಮೊದಲ ಸೀಸನ್ ಬಂತು. ಮನೆಯಿಂದ ಹೊರಗೆ ಕಾಲಿಡಲಾಗದ ಆ ದಿನಗಳಲ್ಲಿ, ಊರು ಬಿಟ್ಟು ಬಂದ ನಮ್ಮಂಥವರಿಗೆ ಅದು ಊರಿಗೆ ಹೋಗಿ ಬಂದ ಹಾಗಿತ್ತು. 2025ರ ಹೊತ್ತಿಗೆ ನಾಲ್ಕು ಸೀಸನ್ ಆಗಿವೆ. ನಾಲ್ಕನ್ನೂ ನೋಡಿದ್ದೇನೆ, ಮೊದಲನೆಯದನ್ನು ಮೂರು ಸಲ. ಹಾಗಾಗಿ ಇಲ್ಲಿ ಮಾಡುವ ತಕರಾರು ಮೆಚ್ಚಿದವನ ತಕರಾರು.

ಕಥೆ ನಿಮಗೆ ಗೊತ್ತಿರುವುದೇ. ಪೇಟೆಯ ಹುಡುಗ ಅಭಿಷೇಕ್ ತ್ರಿಪಾಠಿ ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಫುಲೇರಾ ಎಂಬ ಹಳ್ಳಿಗೆ ಪಂಚಾಯತ್ ಕಾರ್ಯದರ್ಶಿಯಾಗಿ ಬರುತ್ತಾನೆ. ಬಂದ ದಿನವೇ ಕಚೇರಿಯ ಬೀಗದ ಕೈ ಕಳೆದಿರುತ್ತದೆ. ಕಳೆದವರು ಎಲ್ಲರೂ ‘ಪ್ರಧಾನ್‌ಜಿ’ ಎಂದು ಕರೆಯುವ ಬ್ರಿಜ್ ಭೂಷಣ್ ದುಬೆ. ಚುನಾವಣೆಯಲ್ಲಿ ಗೆದ್ದ ಪ್ರಧಾನರು ಮಾತ್ರ ಅವರಲ್ಲ, ಅವರ ಹೆಂಡತಿ ಮಂಜುದೇವಿ. ಆಕೆ ಅಡುಗೆಮನೆಯಲ್ಲಿದ್ದಾರೆ. ಇಡೀ ಧಾರಾವಾಹಿ ನಿಂತಿರುವುದು ಈ ಒಂದು ಸುಳ್ಳಿನ ಮೇಲೆ. ಅದು ಊರಿಗೆಲ್ಲ ಗೊತ್ತಿರುವ ಸುಳ್ಳು.

ನನ್ನ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಹಾವೇರಿ ಜಿಲ್ಲೆಯ ನಮ್ಮೂರಿನ ಗ್ರಾಮ ಪಂಚಾಯತಿಗೆ ಅಧ್ಯಕ್ಷೆಯಾಗಿದ್ದವರು. ಮಹಿಳಾ ಮೀಸಲಾತಿ ಬಂದಾಗ ಕಾಕಾನೇ ನಿಲ್ಲಿಸಿದರು, ಗೆಲ್ಲಿಸಿದರು, ಆಮೇಲೆ ಅಧ್ಯಕ್ಷರ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿಕೊಂಡು ತಾವೂ ಕೂತರು. ಊರಿಗೆ ಹೋದಾಗ ಅಧ್ಯಕ್ಷಗಿರಿ ಹೇಗೆ ನಡೆದಿದೆ ಎಂದು ಕೇಳಿದ್ದಕ್ಕೆ ಕಾಕು ರೊಟ್ಟಿ ಬಡಿಯುತ್ತಲೇ, “ಸಹಿ ನಂದು ತಮ್ಮಾ, ಮಾತು ನಿಮ್ಮ ಕಾಕಾಂದು” ಅಂದಿದ್ದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ‘ಪಂಚಾಯತ್’ ನೋಡುವಾಗ ಬರುವ ನಗುವೂ ಇದೇ ಜಾತಿಯದು.

ಮೊದಲ ಸೀಸನ್ನಿನ ಕೊನೆಯ ಕಂತನ್ನು ಬಹಳ ಜನ ಮೆಚ್ಚಿ ಬರೆದಿದ್ದಾರೆ. ಗಣರಾಜ್ಯೋತ್ಸವಕ್ಕೆ ಜಿಲ್ಲಾಧಿಕಾರಿ ಬರಲಿದ್ದಾರೆ. ಅವರೂ ಮಹಿಳೆಯೇ. ಧ್ವಜ ಹಾರಿಸಿ ರಾಷ್ಟ್ರಗೀತೆ ಹಾಡಬೇಕಾದವರು ಚುನಾಯಿತ ಪ್ರಧಾನರು, ಆದರೆ ಮಂಜುದೇವಿಗೆ ರಾಷ್ಟ್ರಗೀತೆ ಪೂರ್ತಿ ಬರುವುದಿಲ್ಲ. ಕಲಿಯುವ ಗಡಿಬಿಡಿ, ಗಂಡನ ಮುಜುಗರ, ಕಾರ್ಯದರ್ಶಿಯ ಆತಂಕ, ಎಲ್ಲ ಸೇರಿ ಕೊನೆಗೆ ಆಕೆ ಕಂಬದ ಮುಂದೆ ನಿಂತು ಹಾಡುತ್ತಾರೆ. ನೀನಾ ಗುಪ್ತಾ ಅಲ್ಲಿ ಮಾಡಿರುವುದು ದೊಡ್ಡ ಕೆಲಸ. ಆ ಮುಖದಲ್ಲಿ ಹೆದರಿಕೆ ಇದೆ, ಹಟ ಇದೆ, ಇದು ನನ್ನದೂ ಆಗಬಹುದಲ್ಲ ಎಂಬ ಅಚ್ಚರಿ ಇದೆ. ಮೊದಲ ಸಲ ನೋಡಿದಾಗ ನನ್ನ ಕಣ್ಣು ಒದ್ದೆಯಾಗಿತ್ತು.

ಎರಡನೆಯ ಸಲ ನೋಡಿದಾಗ ಪ್ರಶ್ನೆ ಎದ್ದಿತು. ಹಾಡಿದ ಮೇಲೆ ಏನಾಯಿತು?

ಅದೇ ಸೀಸನ್ನಿನ ಇನ್ನೊಂದು ಕಂತಿನಲ್ಲಿ ಊರಿಗೆ ಸೋಲಾರ್ ದೀಪಗಳು ಬರುತ್ತವೆ. ಯಾವ ದೀಪ ಎಲ್ಲಿ ನೆಡಬೇಕು ಎಂದು ಪಂಚಾಯತ್ ಸಭೆ ಕೂರುತ್ತದೆ. ಒಬ್ಬೊಬ್ಬರೂ ಒಂದೊಂದು ನೆಪ ಹೇಳಿ ತಮ್ಮ ತಮ್ಮ ಮನೆ ಮುಂದಕ್ಕೆ ದೀಪ ಎಳೆದುಕೊಳ್ಳುತ್ತಾರೆ. ನಮ್ಮ ಪಂಚಾಯತಿಗಳು ನಡೆಯುವ ಬಗೆಯನ್ನು ಇಷ್ಟು ಚೊಕ್ಕವಾಗಿ ಹಿಡಿದ ದೃಶ್ಯ ಇನ್ನೊಂದನ್ನು ನಾನು ಕಂಡಿಲ್ಲ. ಆ ಸಭೆಯನ್ನು ನಡೆಸುವವರು ಪತಿ. ಅಧಿಕಾರ ಎಂದರೆ ಅದೇ: ಹದಿಮೂರೋ ಹದಿನೈದೋ ದೀಪ ಎಲ್ಲಿ ಉರಿಯಬೇಕು ಎಂಬ ತೀರ್ಮಾನ. ಧಾರಾವಾಹಿ ಮಂಜುದೇವಿಯನ್ನು ಧ್ವಜಕಂಬದವರೆಗೆ ಕರೆತಂದು ಚಪ್ಪಾಳೆ ತಟ್ಟಿತು. ದೀಪದ ಕಂಬದ ಕಡೆಗೆ ಕರೆದೊಯ್ಯಲು ಅದಕ್ಕೆ ಅಷ್ಟು ಆತುರವಿರಲಿಲ್ಲ.

ಮಹಿಳೆ ಪ್ರಧಾನಳಾದರೆ ದೀಪ ಬೇರೆ ಕಡೆ ಉರಿಯುತ್ತದೆಯೇ? ಇದಕ್ಕೆ ಉತ್ತರ ಹುಡುಕಿದವರಿದ್ದಾರೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ 2004ರಲ್ಲಿ ಪ್ರಕಟಿಸಿದ ಅಧ್ಯಯನ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯತಿಗಳದ್ದು. ಮಹಿಳೆಯರಿಗೆ ಮೀಸಲಾದ ಪಂಚಾಯತಿಗಳಲ್ಲಿ ಕುಡಿಯುವ ನೀರಿಗೆ ಹೆಚ್ಚು ಹಣ ಹೋಗಿತ್ತು. ಆ ಊರಿನ ಹೆಂಗಸರು ಹೆಚ್ಚಾಗಿ ದೂರು ಕೊಡುತ್ತಿದ್ದದ್ದೂ ನೀರಿನ ಬಗ್ಗೆಯೇ. ಗಂಡಂದಿರ ನೆರಳು ಇದ್ದಾಗಲೂ ಸಹಿ ಮಾಡುವ ಕೈ ಬದಲಾದರೆ ಖರ್ಚಿನ ದಾರಿ ಸ್ವಲ್ಪ ಬದಲಾಗುತ್ತದೆ ಎಂಬುದು ಇದರಿಂದ ನಾನು ತಿಳಿದುಕೊಂಡದ್ದು.

ಕರ್ನಾಟಕದವರಿಗೆ ಇದು ಹಳೆಯ ಪ್ರಯೋಗ. 73ನೇ ತಿದ್ದುಪಡಿ 1993ರಲ್ಲಿ ದೇಶಕ್ಕೆಲ್ಲ ಮೂರನೇ ಒಂದು ಭಾಗದ ಮೀಸಲಾತಿ ತರುವ ಮೊದಲೇ, ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಲ್ಲಿ ಶೇಕಡಾ 25 ಸ್ಥಾನ ಹೆಣ್ಣುಮಕ್ಕಳಿಗೆಂದು ಇಟ್ಟಿತ್ತು. 1987ರ ಚುನಾವಣೆಯಲ್ಲಿ ಸಾವಿರಾರು ಮಹಿಳೆಯರು ಗೆದ್ದು ಬಂದರು. ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಮಂತ್ರಿಯೇ ಹೆಂಗಸರಿಗೆ ಪಂಚಾಯತಿಯ ಬಾಗಿಲು ತೆಗೆದದ್ದು ಕಾಕತಾಳೀಯವೇ ಇರಬಹುದು. ಆದರೆ ಮೇಲಿನ ಅಧ್ಯಯನ ಓದುವಾಗ ಅವರ ನೆನಪು ಬರದೆ ಇರಲಿಲ್ಲ.

ಇಷ್ಟಾದರೂ ‘ಪಂಚಾಯತ್’ ಮಂಜುದೇವಿಯನ್ನು ಒಂದು ಪ್ರಶ್ನೆ ಕೇಳುವುದಿಲ್ಲ: ನಿಮಗೆ ಈ ಊರಿಗೆ ಏನು ಬೇಕು? ಆಕೆ ಮಗಳ ಮದುವೆಯ ಬಗ್ಗೆ, ಗಂಡನ ಮರ್ಯಾದೆಯ ಬಗ್ಗೆ, ಎದುರಾಳಿ ಕ್ರಾಂತಿದೇವಿಯ ಬಗ್ಗೆ ಯೋಚಿಸುತ್ತಾರೆ. ಸೀಸನ್ನಿನಿಂದ ಸೀಸನ್ನಿಗೆ ಅವರ ದನಿ ಏರುತ್ತದೆ, ಮನೆಯೊಳಗೆ ಕೂತೇ ಗಂಡನಿಗಿಂತ ಮೊದಲು ರಾಜಕೀಯದ ವಾಸನೆ ಹಿಡಿಯುತ್ತಾರೆ. ಇದೆಲ್ಲ ಇದೆ. ಆದರೆ ಇದು ನನ್ನ ಕೆಲಸ, ನಾನೇ ಮಾಡಿಸುತ್ತೇನೆ ಎಂದು ಆಕೆ ಹಿಡಿದು ಕೂತ ಒಂದು ನಲ್ಲಿಯಾಗಲಿ ರಸ್ತೆಯಾಗಲಿ ನನ್ನ ನೆನಪಿನಲ್ಲಿ ಉಳಿದಿಲ್ಲ. ನಾಲ್ಕನೇ ಸೀಸನ್ನಿನ ಚುನಾವಣೆಯಲ್ಲಿ ಇಬ್ಬರು ಹೆಂಗಸರು ಎದುರುಬದುರಾಗುತ್ತಾರೆ, ಮಂಜುದೇವಿ ಸೋಲುತ್ತಾರೆ. ಸೋಲು ನೋಡಿ ಬೇಸರವಾಯಿತು. ಆದರೆ ಊರು ಕಳೆದುಕೊಂಡದ್ದೇನು ಎಂದು ಕೇಳಿದರೆ ಹೇಳುವುದು ಕಷ್ಟ. ಸೋತದ್ದೂ ಗೆದ್ದದ್ದೂ ಇಬ್ಬರು ಗಂಡಂದಿರ ಬಣ.

ಈ ಕೊರತೆ ನಮ್ಮ ಕಣ್ಣಿಗೆ ಬೀಳದಿರಲು ಕಾರಣ ರಘುವೀರ್ ಯಾದವ್. ಅವರ ಬ್ರಿಜ್ ಭೂಷಣ್ ದರ್ಪದ ಮನುಷ್ಯನಲ್ಲ. ಹೆಂಡತಿಗೆ ಹೆದರುತ್ತಾನೆ, ಕಾರ್ಯದರ್ಶಿಗೆ ಮನೆಯ ಸೋರೆಕಾಯಿ ಕೊಟ್ಟು ಕಳಿಸುತ್ತಾನೆ, ಊರಿನವರ ಕಷ್ಟಕ್ಕೆ ಆಗುತ್ತಾನೆ. ಇಂಥವನು ಹೆಂಡತಿಯ ಕುರ್ಚಿಯಲ್ಲಿ ಕೂತರೆ ಯಾರಿಗೆ ಸಿಟ್ಟು ಬಂದೀತು? ಕೆಟ್ಟ ಪ್ರಧಾನ-ಪತಿಯನ್ನು ಗುರುತಿಸುವುದು ಸುಲಭ. ಒಳ್ಳೆಯ ಪ್ರಧಾನ-ಪತಿಯನ್ನು ಗುರುತಿಸಲು ಆಗುವುದೇ ಇಲ್ಲ. ಧಾರಾವಾಹಿಗೆ ಇದು ಗೊತ್ತಿದೆಯೋ, ಅದೂ ನಮ್ಮ ಹಾಗೆ ಅವನ ಪ್ರೀತಿಯಲ್ಲಿ ಬಿದ್ದಿದೆಯೋ ನನಗೆ ಹೇಳಲಾಗುತ್ತಿಲ್ಲ.

ಇದನ್ನು ಇಷ್ಟು ಖಚಿತವಾಗಿ ಬರೆಯಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ಪ್ರಾಜೆಕ್ಟಿನ ಟೆಕ್ ಲೀಡ್ ಆಗಿ ಒಬ್ಬ ಹೆಣ್ಣುಮಗಳನ್ನು ಆರಿಸಿದೆ. ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡೆ. ಮಾರ್ಚ್ ಎಂಟರ ಕಾರ್ಯಕ್ರಮದಲ್ಲಿ ವೇದಿಕೆಗೆ ಕರೆಸಿ ಹೂಗುಚ್ಛ ಕೊಡಿಸಿದೆ. ಕ್ಲೈಂಟ್ ಕಾಲ್‌ಗಳಲ್ಲಿ ಕಷ್ಟದ ಪ್ರಶ್ನೆ ಬಂದ ಕೂಡಲೇ ಆಕೆಗೆ ತೊಂದರೆಯಾಗಬಾರದೆಂದು ನಾನೇ ಉತ್ತರಿಸುತ್ತಿದ್ದೆ. ಹೊಸಬರನ್ನು ತೆಗೆದುಕೊಳ್ಳುವಾಗ ಆಕೆಯನ್ನು ಕೇಳುತ್ತಿದ್ದೆ, ಹೆಸರನ್ನು ಮಾತ್ರ ಮೊದಲೇ ಮನಸ್ಸಿನಲ್ಲಿ ತೀರ್ಮಾನಿಸಿರುತ್ತಿದ್ದೆ. ವರ್ಷ ತುಂಬುವುದರೊಳಗೆ ಆಕೆ ಬೇರೆ ತಂಡ ಕೇಳಿಕೊಂಡು ಹೊರಟರು. ಹೋಗುವ ಮುಂಚೆ ಸಿಟ್ಟಿಲ್ಲದೆ ಹೇಳಿದರು: “ನಾನು ಮ್ಯೂಟ್ ತೆಗೆಯುವುದರೊಳಗೆ ನೀವು ಉತ್ತರ ಕೊಟ್ಟಾಗಿರುತ್ತಿತ್ತು.” ನಾನು ಬ್ರಿಜ್ ಭೂಷಣನಷ್ಟೇ ಒಳ್ಳೆಯವನಾಗಿದ್ದೆ.

ಹೀಗಾಗಿ ನಾಯಕಿಯರನ್ನು ಸಂಭ್ರಮಿಸುವ ಯಾವುದೇ ಕೃತಿಯಲ್ಲಿ, ಸಮಾರಂಭದಲ್ಲಿ ಈಗ ನಾನು ಹುಡುಕುವುದು ಒಂದನ್ನೇ: ದೀಪದ ಕಂಬ ಎಲ್ಲಿದೆ? 2013ರ ಕಂಪನಿ ಕಾಯ್ದೆ ಲಿಸ್ಟೆಡ್ ಕಂಪನಿಗಳ ಆಡಳಿತ ಮಂಡಳಿಯಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕೆಂದಿತು. ಆಗ ಎಷ್ಟೋ ಕಡೆ ಮಾಲೀಕರ ಮನೆಯ ಹೆಣ್ಣುಮಕ್ಕಳೇ ಬಂದು ಕೂತರು ಎಂದು ಪತ್ರಿಕೆಗಳು ಬರೆದವು. ಮುಂದೆ ಸೆಬಿ ದೊಡ್ಡ ಕಂಪನಿಗಳಿಗೆ ಆಕೆ ಸ್ವತಂತ್ರ ನಿರ್ದೇಶಕಿಯೇ ಆಗಿರಬೇಕೆಂದು ನಿಯಮ ಮಾಡಬೇಕಾಯಿತು. ಫುಲೇರಾದ ಕಥೆ ದಲಾಲ್ ಸ್ಟ್ರೀಟಿನಲ್ಲೂ ನಡೆದಿದೆ, ಅಷ್ಟೇ.

ನ್ಯಾಯಕ್ಕೆ ಒಂದು ಮಾತು ಸೇರಿಸಬೇಕು. ಪ್ರಧಾನ-ಪತಿ ಎಂಬ ಪದವನ್ನು ದೇಶದ ಮನೆಮನೆಗೆ ತಂದದ್ದು ಈ ಧಾರಾವಾಹಿಯೇ. 2025ರಲ್ಲಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಈ ಪಿಡುಗಿನ ವಿರುದ್ಧ ‘ಅಸ್ಲಿ ಪ್ರಧಾನ್ ಕೌನ್?’ ಎಂಬ ಕಿರುಚಿತ್ರವನ್ನು ಇದೇ ಟಿವಿಎಫ್ ಸಂಸ್ಥೆಯ ಜೊತೆ, ನೀನಾ ಗುಪ್ತಾ ಅವರನ್ನೇ ಇಟ್ಟುಕೊಂಡು ತಂದಿತು. ನೇರವಾಗಿ ಉಪದೇಶ ಮಾಡುವ ಕೆಲಸ ಅದಕ್ಕಿರಲಿ. ಮೂಲ ಧಾರಾವಾಹಿಯಿಂದ ನಾನು ಬಯಸುವುದು ಉಪದೇಶವನ್ನಲ್ಲ, ಇನ್ನೊಂದು ಸೋಲಾರ್ ದೀಪದ ಸಭೆಯನ್ನು. ಕುರ್ಚಿಯಲ್ಲಿ ಮಂಜುದೇವಿ ಇರಬೇಕು. ಆಕೆ ತಪ್ಪು ತೀರ್ಮಾನವನ್ನೇ ಮಾಡಲಿ. ನಗಲು ಅಲ್ಲಿಯೂ ಬೇಕಾದಷ್ಟಿದೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕಾಕುಗೆ ಮೊಬೈಲಿನಲ್ಲಿ ಆ ಧ್ವಜಾರೋಹಣದ ದೃಶ್ಯ ತೋರಿಸಿದೆ. ಹಿಂದಿ ಮಾತನ್ನು ಅಲ್ಲಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. ಪೂರ್ತಿ ನೋಡಿದರು, “ಚಂದ ಹಾಡಿದಳು” ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಮುಂದ ಚೆಕ್ಕಿಗೆ ಸಹಿ ಮಾಡುವಾಗ ಓದಿ ಮಾಡ್ತಾಳೇನು?”

ಪಕ್ಕದಲ್ಲಿ ಕೂತಿದ್ದ ಕಾಕಾ ಈ ಸಲ ನಗಲಿಲ್ಲ. ನಾನೂ ನಗಲಿಲ್ಲ.