ಕುಟ್ಟದ ಇಳುಕಲು

ಪ್ರವಾಸದ ಕಾಲ ಬಂತೆಂದರೆ ಓದುಗರದು ಒಂದೇ ಪ್ರಶ್ನೆ: ನಾಲ್ಕು ದಿನ ಜಿಮ್ ತಪ್ಪಿದರೆ ಇಷ್ಟು ದಿನ ಮಾಡಿದ್ದೆಲ್ಲ ಹೋಯಿತೇ? ಹೋಗುವುದಿಲ್ಲ. ಒಂದು ವಾರದ ಬಿಡುವಿಗೆ ಸ್ನಾಯುಬಲ ಕರಗುವುದಿಲ್ಲ. ದಮ್ಮು ಎದ್ದು ಕಾಣುವಷ್ಟು ಇಳಿಯಬೇಕಾದರೂ ಎರಡು ವಾರದ ಹತ್ತಿರ ಸುಮ್ಮನೆ ಕೂರಬೇಕು. ಹಾಗಾಗಿ ರಬ್ಬರ್ ಪಟ್ಟಿ, ಸ್ಕಿಪ್ಪಿಂಗ್ ಹಗ್ಗ ತುಂಬಿಕೊಂಡು ಹೋಗಿ ಹೋಂಸ್ಟೇ ಕೋಣೆಯಲ್ಲಿ ಇನ್ನೊಂದು ಜಿಮ್ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ನಮ್ಮೂರಲ್ಲಿ ಸಿಗದ ಯಾವ ಶ್ರಮ ಅಲ್ಲಿ ಸಿಗುತ್ತದೋ ಅದನ್ನು ಮೈಗೆ ಕೊಡಿಸಬೇಕು. ದಕ್ಷಿಣ ಕೊಡಗಿನ ಕೊನೆಯಲ್ಲಿರುವ ಕುಟ್ಟದಲ್ಲಿ ಸಿಗುವುದು ಬೆಟ್ಟದ ಇಳುಕಲು.

ಊರಿನ ಒಂದು ಪಕ್ಕ ನಾಗರಹೊಳೆ ಕಾಡು, ಇನ್ನೊಂದು ಪಕ್ಕ ಬ್ರಹ್ಮಗಿರಿ ಸಾಲು, ಗಡಿ ದಾಟಿದರೆ ವಯನಾಡಿನ ತೋಲ್ಪೆಟ್ಟಿ. ಬೆಂಗಳೂರಿನವರು ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ದಿನ ಕಾರಿನಲ್ಲಿ ಕೂತೇ ಇರುತ್ತಾರೆ. ಹುಣಸೂರಿನಲ್ಲೊಮ್ಮೆ, ಗೋಣಿಕೊಪ್ಪದಲ್ಲೊಮ್ಮೆ ಇಳಿದು ಹತ್ತು ನಿಮಿಷ ಬಿರುಸಾಗಿ ನಡೆಯಿರಿ. ಮೀನಖಂಡ ಆಡಿದರೆ ಕಾಲಿನಲ್ಲಿ ನಿಂತ ರಕ್ತ ಮೇಲೇರುತ್ತದೆ, ಸೊಂಟವೂ ಸಡಿಲವಾಗುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ನಸುಕಿನ ಐದೂವರೆಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓಡುವ ಅಭ್ಯಾಸವನ್ನು ಊರಲ್ಲೇ ಬಿಟ್ಟು ಬನ್ನಿ. ಇಲ್ಲಿ ಕಾಡಿಗೂ ಕಾಫಿ ತೋಟಕ್ಕೂ ನಡುವೆ ಗೋಡೆಯಿಲ್ಲ. ರಾತ್ರಿ ತೋಟಕ್ಕೆ ಹಲಸಿಗೋ ನೀರಿಗೋ ಬಂದ ಆನೆ ಬೆಳಗಾದರೂ ಅಲ್ಲೇ ನಿಂತಿರಬಹುದು. 2023ರ ಫೆಬ್ರವರಿಯಲ್ಲಿ ಕುಟ್ಟದ ತೋಟವೊಂದರಲ್ಲಿ ಒಂದೇ ದಿನದ ಅಂತರದಲ್ಲಿ ಕಾರ್ಮಿಕ ಕುಟುಂಬದ ಇಬ್ಬರು ಹುಲಿಗೆ ಬಲಿಯಾದರು. ಅವರು ವಿಹಾರಕ್ಕೆ ಬಂದವರಲ್ಲ, ದುಡಿಯಲು ಬಂದವರು. ಬಿಸಿಲು ಚೆನ್ನಾಗಿ ಏರಲಿ, ತೋಟದಲ್ಲಿ ಕೆಲಸದವರ ಓಡಾಟ ಶುರುವಾಗಲಿ. ‘ರಾತ್ರಿ ಆನೆ ಏನಾದರೂ ಬಂದಿತ್ತಾ?’ ಎಂದು ಮನೆಯವರನ್ನು ಕೇಳಿಕೊಂಡು ಹೊರಡಿ, ಸಂಜೆ ಕತ್ತಲಿಗೆ ಮುಂಚೆ ಮನೆ ಸೇರಿ. ನಸುಕಿಗೇ ಎಚ್ಚರವಾಗುವವರಿಗೆ ಜಗಲಿ ಇದೆ; ಹನ್ನೆರಡು ಸೂರ್ಯನಮಸ್ಕಾರ, ಒಂದಷ್ಟು ಬಸ್ಕಿ ಸಾಕು.

ನಡಿಗೆಗೆ ನನ್ನ ಮೊದಲ ಆಯ್ಕೆ ಇರುಪು. ರಾಮೇಶ್ವರ ದೇವಸ್ಥಾನ ದಾಟಿ ಮರಗಳ ನೆರಳಲ್ಲಿ ಮೆಟ್ಟಿಲೇರಿದರೆ ಲಕ್ಷ್ಮಣತೀರ್ಥ ನದಿ ಸುಮಾರು 170 ಅಡಿ ಎತ್ತರದಿಂದ ಧುಮುಕುತ್ತದೆ. ಮಂಡಿ ಗಟ್ಟಿಯಿದ್ದವರು ಅಲ್ಲಿಂದ ನರಿಮಲೆಯ ಹಾದಿ ಹಿಡಿದು 1,608 ಮೀಟರ್ ಎತ್ತರದ ಬ್ರಹ್ಮಗಿರಿಯವರೆಗೂ ಹೋಗಬಹುದು. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಜೊತೆಗೆ ಮಾರ್ಗದರ್ಶಿಯೂ ಇರಬೇಕು. ಮಳೆಗಾಲದಲ್ಲಿ ಜಿಗಣೆಗಿಂತ ಪಾಚಿಗಟ್ಟಿದ ಕಲ್ಲಿಗೆ ಹೆಚ್ಚು ಹೆದರಬೇಕು.

ಎಲ್ಲರೂ ಏರಿದ್ದನ್ನೇ ಹೇಳಿಕೊಳ್ಳುತ್ತಾರೆ. ಏರುವಾಗ ದುಡಿಯುವುದು ಹೃದಯ ಮತ್ತು ಶ್ವಾಸಕೋಶ. ಆ ದುಡಿತ ನಗರದ ಮೆಟ್ಟಿಲಲ್ಲೂ ಸಿಗುತ್ತದೆ. ಇಳಿಯುವಾಗ ಉಬ್ಬಸವಿಲ್ಲವೆಂದು ಮೈಮರೆಯುತ್ತೇವೆ. ಆದರೆ ಒಂದೊಂದು ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಉದ್ದಕ್ಕೆ ಎಳೆಸಿಕೊಳ್ಳುತ್ತಲೇ ಇಡೀ ದೇಹದ ಭಾರವನ್ನು ಬ್ರೇಕ್ ಹಾಕಿ ತಡೆಯುತ್ತಿರುತ್ತದೆ. ಟ್ರೆಡ್‌ಮಿಲ್ಲಿಗೆ ಒಗ್ಗಿದ ಕಾಲಿಗೆ ಈ ಕೆಲಸ ಹೊಸದು. ಎಳೆಗಳಲ್ಲಿ ಸೂಕ್ಷ್ಮ ಬಿರುಕು ಬಿಡುತ್ತದೆ. ನೋವು ಆಗಿಂದಾಗಲೇ ಗೊತ್ತಾಗದೆ ಮರುದಿನ ಶುರುವಾಗಿ ಮೂರನೆಯ ದಿನದವರೆಗೂ ಕಾಡುತ್ತದೆ. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮಂಡಿ ತುಸು ಬಾಗಿರಲಿ, ಪಾದ ಮೈಯ ಕೆಳಗೇ ಊರಲಿ. ಕಾಲು ಚಾಚಿ ಹಿಮ್ಮಡಿ ಕುಟ್ಟಿದರೆ ಏಟು ನೇರ ಮಂಡಿಗೆ. ಹೊರಡುವ ಎರಡು ವಾರ ಮುಂಚಿನಿಂದ, ದಿನ ಬಿಟ್ಟು ದಿನ ನಾಲ್ಕು ಎಣಿಸುತ್ತ ನಿಧಾನವಾಗಿ ಕೂತು, ಸಹಜ ವೇಗದಲ್ಲಿ ಏಳುವ ಬಸ್ಕಿ ಹೊಡೆದರೆ ತೊಡೆ ಮೊದಲೇ ಸಿದ್ಧವಾಗುತ್ತದೆ.

ಊಟದ ವಿಷಯದಲ್ಲಿ ಕೊಡಗಿನವರ ಮನೆಯಲ್ಲಿ ಕಟ್ಟುನಿಟ್ಟು ಬೇಡ. ಕಡಂಬುಟ್ಟು, ನೂಪುಟ್ಟು ಎರಡೂ ಹಬೆಯಲ್ಲಿ ಬೆಂದವು, ಎಣ್ಣೆಯ ಹಂಗಿಲ್ಲ. ಬೆಟ್ಟ ಇಳಿದು ಬಂದ ಕಾಲಿಗೆ ಅಕ್ಕಿಯೂ ಬೇಕು, ಮಾಂಸವೋ ಕಾಳೋ ಬೇಕು. ಪಂದಿಕರಿಯಲ್ಲಿ ಕೊಬ್ಬು ಇದೆ, ನಿಜ. ನಡೆದ ದಿನದ ಮಧ್ಯಾಹ್ನ ಮನಸಾರೆ ಉಣ್ಣಿ, ರಾತ್ರಿ ಕೈ ಹಿಡಿಯಿರಿ. ನನ್ನ ಮಟ್ಟಿಗೆ ಪ್ರವಾಸದಲ್ಲಿ ಮೈ ಕೆಡಿಸುವುದು ಊಟಕ್ಕಿಂತ ಊಟದ ನಡುವೆ ಕಾರಿನಲ್ಲಿ ತೆರೆಯುವ ಚಿಪ್ಸ್ ಪೊಟ್ಟಣ.

ಮರುದಿನ ತೊಡೆ ಹಿಡಿದುಕೊಂಡಿತೆಂದು ಮಲಗಬೇಡಿ. ಸಮತಟ್ಟಾದ ದಾರಿಯಲ್ಲಿ ಅರ್ಧ ಗಂಟೆ ಮೆಲ್ಲಗೆ ನಡೆದರೆ ಬಿಗಿತ ಬಿಡುತ್ತದೆ. ಒಮ್ಮೆ ಹೀಗೆ ನೊಂದ ಸ್ನಾಯು ಅದೇ ಬಗೆಯ ಕೆಲಸಕ್ಕೆ ಕೆಲವು ವಾರ ಗಟ್ಟಿಯಾಗಿರುತ್ತದೆ, ಎರಡನೆಯ ಸಲ ನೋವು ಬಹಳ ಕಡಿಮೆ. ಆ ಅವಧಿಯೊಳಗೇ ಇನ್ನೊಂದು ವಾರಾಂತ್ಯ ಬಿಡುವು ಮಾಡಿಕೊಂಡು ಕಕ್ಕಬ್ಬೆಗೆ ಹೋಗಿ. ನಾಲ್ಕುನಾಡು ಅರಮನೆಯ ಬಳಿಯಿಂದ ಹತ್ತುವ ತಡಿಯಂಡಮೋಳ್ 1,748 ಮೀಟರ್, ಕೊಡಗಿನಲ್ಲೇ ಎತ್ತರದ ಶಿಖರ. ಅದರ ಇಳುಕಲಿಗೆ ನಿಮ್ಮ ಕಾಲು ಈಗ ತಯಾರಿದೆ.